ಚೋದ್ಯ ಉಂಟಾ?

ಟೀಚರನ್ನು ನಾನು ಕೊನೆಯ ಸಲ ನೋಡಿದ್ದು ತಿರುವನಂತಪುರದಲ್ಲಿ, ಉಳ್ಳೂರಿನ ಹತ್ತಿರದ ಆಸ್ಪತ್ರೆಯೊಂದರ ವಾರ್ಡಿನಲ್ಲಿ. ನಾನು ಹೋದ ಹೊತ್ತಿಗೆ ಅವರ ಮಂಚದ ಸುತ್ತ ವೈದ್ಯ ವಿದ್ಯಾರ್ಥಿಗಳ ದೊಡ್ಡ ಹಿಂಡು ನೆರೆದಿತ್ತು. ಹಿರಿಯ ಡಾಕ್ಟರು ಟೀಚರ ಹೊಟ್ಟೆಯ ಮೇಲೆ ಬೆರಳಿಟ್ಟು ಏನನ್ನೋ ವಿವರಿಸುತ್ತಿದ್ದರು. ಮುಂದಿದ್ದವರು ಬಗ್ಗಿ ನೋಡುತ್ತಿದ್ದರು, ನಡುವಿನವರು ಮುಂದಿನವರ ಬೆನ್ನು ನೋಡುತ್ತಿದ್ದರು, ಹಿಂದಿನವರು ಫೋನು ನೋಡುತ್ತಿದ್ದರು. ಮಲಗಿದ್ದ ಟೀಚರ್ ಕತ್ತೆತ್ತಿ, "ಡಾಕ್ಟರೇ, ಬಾಗಿಲ ಹತ್ತಿರ ಇರುವ ಆ ಹುಡುಗಿಗೆ ನನ್ನ ಹೊಟ್ಟೆ ಕಾಣಿಸುತ್ತಿಲ್ಲ. ಅವಳನ್ನು ಮುಂದೆ ಬಿಡಿ" ಎಂದು ಮಲಯಾಳಂನಲ್ಲಿ ಹೇಳಿದರು. ಡಾಕ್ಟರಿಗೆ ನಗು ಬಂತು. ಹುಡುಗಿ ಕೆಂಪಾಗಿ ಮುಂದೆ ಬಂದಳು, ಕೈಯಿಟ್ಟು ನೋಡಿದಳು. ಟೀಚರ್ ಅವಳ ಮುಖವನ್ನೇ ನೋಡುತ್ತ, "ಇನಿ ಚೋದ್ಯಂ ಉಂಡೋ?", ಇನ್ನೇನಾದರೂ ಪ್ರಶ್ನೆ ಇದೆಯೇ, ಎಂದು ಕೇಳಿದರು. ರೋಗಿ ಡಾಕ್ಟರರ ಪರೀಕ್ಷೆ ಮಾಡುವುದನ್ನು ನಾನು ಕಂಡದ್ದು ಅದೊಂದೇ ಸಲ.

ಆ ತಿಂಗಳು ಮುಗಿಯುವ ಮೊದಲೇ ಅವರು ತೀರಿಕೊಂಡರು. ಪತ್ರಿಕೆಯಲ್ಲಿ ಒಳಪುಟದ ಮೂಲೆಗೆ ನಾಲ್ಕು ಸಾಲು ಬಂತು. ನನಗೆ ಬೇಜಾರಾಯಿತು, ಆದರೆ ಆಶ್ಚರ್ಯವಾಗಲಿಲ್ಲ. ಅವರು ಜೀವಮಾನವಿಡೀ ಕಲಿಸಿದ ವಿಶ್ವವಿದ್ಯಾಲಯದ ಹೆಸರು ಹೇಳಿದರೆ ಕೊಚ್ಚಿಯವರೇ "ಅದೆಲ್ಲಿ ಬರುತ್ತೆ?" ಎನ್ನುತ್ತಾರೆ. ಆಲುವದಲ್ಲಿ ಬಸ್ಸು ಹತ್ತಿ ಹೋಗಬೇಕಾದ ಸರಕಾರಿ ವಿಶ್ವವಿದ್ಯಾಲಯ ಅದು. ಗೇಟು ಮಾತ್ರ ದೊಡ್ಡದು. ಒಳಗೆ ಹೋದರೆ ಎಲ್ಲವೂ ಸಣ್ಣದು. ಸಣ್ಣ ಲೈಬ್ರರಿ, ಸಣ್ಣ ಕ್ಯಾಂಟೀನು, ಮತ್ತು ನಮ್ಮ ರಸಾಯನಶಾಸ್ತ್ರದ ಬಿ.ಎಸ್ಸಿ. ತರಗತಿಯಲ್ಲಿ ಎರಡು ಬೆಂಚಿಗೆ ಮುಗಿದುಹೋಗುವಷ್ಟು ಮಕ್ಕಳು.

ನಾನು ಅಲ್ಲಿಗೆ ಸೇರಿದ್ದು ಇಷ್ಟಪಟ್ಟಲ್ಲ. ನಮ್ಮದು ಮೈಸೂರಿನ ಕಡೆಯ ಮನೆತನ. ಅಪ್ಪನಿಗೆ ಕೊಚ್ಚಿಯ ಪಕ್ಕದ ಏಲೂರಿನ ಕಾರ್ಖಾನೆಯೊಂದರಲ್ಲಿ ಸಿಬ್ಬಂದಿ ವಿಭಾಗದ ಕೆಲಸ. ನಾನು ಅಲ್ಲಿಯ ಕ್ವಾರ್ಟರ್ಸಿನಲ್ಲೇ ಬೆಳೆದವಳು. ಪ್ರವೇಶ ಪರೀಕ್ಷೆಗಳು ಒಂದಾದ ಮೇಲೊಂದು ಕೈಕೊಟ್ಟ ಮೇಲೆ ಉಳಿದದ್ದು ಇದು. ಮೈಸೂರಿನ ಮದುವೆ ಮನೆಗಳಲ್ಲಿ ಯಾರಾದರೂ "ಮಗಳು ಯಾವ ಕಾಲೇಜು?" ಎಂದರೆ ಅಪ್ಪ "ಕೊಚ್ಚಿಲೇ" ಎಂದು ಹೇಳಿ ತಕ್ಷಣ ಉಪ್ಪಿಟ್ಟಿನ ವಿಷಯಕ್ಕೆ ಹೋಗಿಬಿಡುತ್ತಿದ್ದರು. "ಹೆಸರು ಹೇಳಿದ್ರೆ ನಾಲ್ಕು ಜನಕ್ಕೆ ಗೊತ್ತಾಗ್ಬೇಕು ಕಣಮ್ಮ, ಓದು ಅಂದ್ರೆ ಅದು" ಎನ್ನುವುದು ಅವರ ಸಿದ್ಧಾಂತ. ಬೆಂಗಳೂರಿನ ದೊಡ್ಡ ಖಾಸಗಿ ಕಾಲೇಜೊಂದರಲ್ಲಿ ಸೀಟಿಗಾಗಿ ಅವರು ಮೊದಲ ದಿನದಿಂದಲೇ ಓಡಾಡುತ್ತಿದ್ದರು. ಸೀಟು ಸಿಕ್ಕ ಕೂಡಲೇ ನಾನು ಇಲ್ಲಿಂದ ಹೊರಡುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಹಾಗಾಗಿ ಮೊದಲ ವರ್ಷವಿಡೀ ನಾನು ಆ ತರಗತಿಯಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕೂತವಳ ಹಾಗೆ ಕೂತಿದ್ದೆ.

ಟೀಚರ್ ಕಾಸರಗೋಡಿನವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಎತ್ತರದ ಹೆಂಗಸು, ಹತ್ತಿ ಸೀರೆಯ ಅಂಚಿನಲ್ಲಿ ಆಸಿಡ್ಡಿನ ಸಣ್ಣ ಸಣ್ಣ ತೂತುಗಳು. ಹಾಜರಿ ಕರೆಯುವಾಗ ನನ್ನ ಹೆಸರು ಬಂದಾಗ ಕನ್ನಡಕ ಕೆಳಗಿಳಿಸಿ ನೋಡಿ, "ಓ, ನೀನು ಮೈಸೂರಾ?" ಎಂದರು. ಅಂದಿನಿಂದ ನಾನು "ಮೈಸೂರು" ಆದೆ. ಅವರು ಕನ್ನಡದಲ್ಲಿ ಕೇಳಿದರೆ ನಾನು ಮಲಯಾಳಂನಲ್ಲಿ ಉತ್ತರಿಸುತ್ತಿದ್ದೆ. ಮನೆಯಲ್ಲೂ ನನ್ನ ಅಭ್ಯಾಸ ಅದೇ. "ಎಂತ ಮಾರಾಯ್ತಿ ನೀನು, ಕನ್ನಡ ನುಂಗಿ ಮಲಯಾಳಂ ಉಗುಳ್ತಿ" ಎಂದು ನಗುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ತುಳುವಿನಲ್ಲಿ ಬೈಯುತ್ತಿದ್ದರು. ಯಾರಿಗೂ ಅರ್ಥವಾಗದ ಕಾರಣ ಯಾರಿಗೂ ಬೇಸರವಾಗುತ್ತಿರಲಿಲ್ಲ.

ಪಾಠದ ಕೊನೆಗೆ ಅವರು ಸೀಮೆಸುಣ್ಣ ಕೆಳಗಿಟ್ಟು "ಚೋದ್ಯಂ ಉಂಡೋ?" ಎಂದು ಕೇಳುತ್ತಿದ್ದರು. ಮಲಯಾಳಂನಲ್ಲಿ ಚೋದ್ಯಂ ಎಂದರೆ ಪ್ರಶ್ನೆ. ಕೇರಳದ ಎಲ್ಲ ಮೇಷ್ಟ್ರುಗಳೂ ಗಂಟೆ ಬಾರಿಸುವ ಮುಂಚೆ ಅದನ್ನು ಕೇಳುತ್ತಾರೆ, ಎಲ್ಲ ಮಕ್ಕಳೂ ತಲೆ ಅಲ್ಲಾಡಿಸುತ್ತಾರೆ, ಎಲ್ಲರೂ ಮನೆಗೆ ಹೋಗುತ್ತಾರೆ. ಆದರೆ ನಮ್ಮ ಟೀಚರ್ ಉತ್ತರ ಬರುವ ತನಕ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಒಂದು ದಿನ ನನ್ನ ಪಕ್ಕದ ಶೈನಿ ತಾಳ್ಮೆಗೆಟ್ಟು, "ಟೀಚರೇ, ಚೋದ್ಯ ಇಲ್ಲದಿದ್ದರೆ ಎಲ್ಲಿಂದ ತರುವುದು?" ಎಂದಳು. ಆಗ ಅವರು ತಮ್ಮ ಕತೆ ಹೇಳಿದರು.

ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ಎರ್ನಾಕುಳಂನ ಕಾಲೇಜಿಗೆ ಬಂದ ಹೊಸತಿನಲ್ಲಿ ಅವರಿಗೆ ಮಲಯಾಳಂ ಅಷ್ಟಕ್ಕಷ್ಟೆ. ಮೊದಲ ವಾರ ಮೇಷ್ಟ್ರು ಪಾಠ ಮುಗಿಸಿ "ಚೋದ್ಯಂ ಉಂಡೋ?" ಎಂದರು. ಕನ್ನಡದಲ್ಲಿ ಚೋದ್ಯ ಎಂದರೆ ಬೆರಗು, ಸೋಜಿಗ. ಇಂಥ ದೊಡ್ಡ ಊರಿನ ಮೇಷ್ಟ್ರು ಎಷ್ಟು ಒಳ್ಳೆಯವರು, ಈ ಪಾಠದಲ್ಲಿ ಸೋಜಿಗ ಏನಾದರೂ ಕಂಡಿತೇ ಎಂದು ಕೇಳುತ್ತಿದ್ದಾರಲ್ಲ ಎಂದು ಈ ಹುಡುಗಿಗೆ ಸಂತೋಷವಾಯಿತು. ಎದ್ದು ನಿಂತು ಹರುಕು ಮುರುಕು ಭಾಷೆಯಲ್ಲಿ, "ಸರ್, ಉಪ್ಪು ನೀರಿನಲ್ಲಿ ಕರಗಿದ ಮೇಲೆ ಕಾಣುವುದಿಲ್ಲ, ಆದರೆ ರುಚಿ ಹೋಗುವುದಿಲ್ಲ. ಅದು ಚೋದ್ಯ" ಎಂದು ಹೇಳಿದರಂತೆ. ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ನಗಲಿಲ್ಲ. "ಇದೂ ಒಂದು ಚೋದ್ಯವೇ" ಎಂದು ಮುಂದಿನ ಪಾಠವನ್ನು ಅಲ್ಲಿಂದಲೇ ಶುರು ಮಾಡಿದರು.

"ಅವತ್ತಿಂದ ನಾನು ಎರಡನ್ನೂ ಒಂದೇ ಲೆಕ್ಕಕ್ಕೆ ಹಿಡಿಯುದು" ಎಂದು ಟೀಚರ್ ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದರು. "ಪ್ರಶ್ನೆ ಇಲ್ಲದಿದ್ರೆ ಬೇಡ. ಸೋಜಿಗ ಉಂಟಲ್ಲ, ಅದನ್ನು ಹೇಳಿ." ನಾನು ಅದನ್ನು ಮಿಕ್ಕವರಿಗೆ ಮಲಯಾಳಂ ಮಾಡಿ ಹೇಳಿದೆ. ಆ ತರಗತಿಯಲ್ಲಿ ನಾನು ಬಾಯಿಬಿಟ್ಟದ್ದು ಬಹುಶಃ ಅದೇ ಮೊದಲು.

ಸಣ್ಣ ವಿಶ್ವವಿದ್ಯಾಲಯದಲ್ಲಿ ಓದಿದರೆ ಏನು ಸಿಗುತ್ತದೆ ಎಂದು ಈಗಲೂ ನನ್ನನ್ನು ಕೆಲವರು ಕೇಳುತ್ತಾರೆ. ನಾನು ಈಗ ಕೆಲಸ ಮಾಡುವ ತಿರುವನಂತಪುರದ ಪ್ರಯೋಗಾಲಯದಲ್ಲಿ ದೊಡ್ಡ ದೊಡ್ಡ ಹೆಸರಿನ ಕಡೆಯಿಂದ ಬಂದವರಿದ್ದಾರೆ. ನನಗೆ ಸಿಗದ್ದನ್ನು ಹೇಳುವುದು ಸುಲಭ. ಕೆಲಸ ಕೊಡುವ ಕಂಪನಿಗಳು ನಮ್ಮ ಗೇಟಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ಬೇಕಾದ ಪುಸ್ತಕ ಲೈಬ್ರರಿಯಲ್ಲಿ ಇರುತ್ತಿರಲಿಲ್ಲ, ಇದ್ದರೆ ಅದು ಟೀಚರ ಮನೆಯಲ್ಲಿರುತ್ತಿತ್ತು. ಸಿಕ್ಕಿದ್ದು ಏನೆಂದರೆ, ಅಡಗಿಕೊಳ್ಳಲು ಅಲ್ಲಿ ಜಾಗವಿರಲಿಲ್ಲ. ದೊಡ್ಡ ತರಗತಿಯಲ್ಲಿ ಮುಂದಿನವರ ಬೆನ್ನ ಹಿಂದೆ ಮೂರು ವರ್ಷ ಹಾಯಾಗಿ ಕಳೆಯಬಹುದು. ನಮ್ಮಲ್ಲಿ ಅಡಗಲು ಬೆನ್ನುಗಳೇ ಸಾಲದು. ಎಷ್ಟೇ ಬಗ್ಗಿ ಕೂತರೂ ಟೀಚರ್ "ಮೈಸೂರು, ನಿನ್ನ ಚೋದ್ಯ?" ಎನ್ನುತ್ತಿದ್ದರು.

ಇನ್ನೊಂದು ಪದ್ಧತಿ ಇತ್ತು. ಯಾರಾದರೂ ಸೋಜಿಗ ತಂದರೆ ಟೀಚರ್ ಮೊದಲು ತಮ್ಮ ಊಹೆ ಹೇಳುತ್ತಿದ್ದರು. ಆಮೇಲೆ "ಗೊತ್ತಿಲ್ಲ, ನೋಡುವಾ" ಎಂದು ಪ್ರಯೋಗಕ್ಕೆ ಇಳಿಯುತ್ತಿದ್ದರು. ಅವರ ಊಹೆ ತಪ್ಪಾದರೆ ಇಡೀ ಕ್ಲಾಸಿಗೆ ಕ್ಯಾಂಟೀನಿನಲ್ಲಿ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ. ಅವರು ಅದಕ್ಕೆ ಬಾಳೆಹಣ್ಣಿನ ಪೋಡಿ ಎಂದೇ ಅನ್ನುತ್ತಿದ್ದದ್ದು. ನಮ್ಮ ಊಹೆ ತಪ್ಪಾದರೆ ದಂಡವೇನಿಲ್ಲ. ಹೀಗಾಗಿ ಟೀಚರ ಊಹೆಯನ್ನು ಸುಳ್ಳು ಮಾಡುವುದು ಹೇಗೆ ಎನ್ನುವುದೇ ನಮ್ಮ ದೊಡ್ಡ ಸಂಶೋಧನೆಯಾಯಿತು. ಸೋತಾಗ ಅವರು ಎರಡೂ ಅಂಗೈ ಉಜ್ಜಿಕೊಂಡು, ಪೋಡಿ ತಿನ್ನುವವರು ತಾವೇ ಎನ್ನುವಷ್ಟು ಖುಷಿಪಡುತ್ತಿದ್ದರು. ತಿನ್ನುತ್ತಲೂ ಇದ್ದರು.

ಅವರನ್ನು ದೇವತೆ ಮಾಡಲು ನನಗೆ ಮನಸ್ಸಿಲ್ಲ. ಪೋರ್ಷನ್ ಎಂದೂ ಮುಗಿಯುತ್ತಿರಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಉಳಿದ ಅಧ್ಯಾಯಗಳನ್ನು ರೈಲು ಬಿಟ್ಟ ಹಾಗೆ ಬಿಡುತ್ತಿದ್ದರು, ನಮಗೆ ಹೊಗೆ ಮಾತ್ರ ಕಾಣುತ್ತಿತ್ತು. ಅಂಕ ಕೊಡುವುದರಲ್ಲಿ ಮಹಾ ಜಿಪುಣಿ. ಮೀಟಿಂಗುಗಳನ್ನು ಮರೆತು ಮೇಲಿನವರಿಂದ ಬೈಸಿಕೊಳ್ಳುತ್ತಿದ್ದರು. ಅವರ ಕೈಬರಹವನ್ನು ಓದಬಲ್ಲವರು ನಮ್ಮಲ್ಲಿ ಶೈನಿ ಒಬ್ಬಳೇ. ಅವಳ ತಂದೆ ಔಷಧಿ ಅಂಗಡಿ ಇಟ್ಟಿದ್ದರು.

ನನ್ನ ಚೋದ್ಯ ಬಂದದ್ದು ಇದೇ ಶೈನಿಯ ಮನೆಯಿಂದ. ಕೇರಳದಲ್ಲಿ ಕುಡಿಯುವ ನೀರಿಗೆ ಪದಿಮುಗಂ ಎನ್ನುವ ಮರದ ಚಕ್ಕೆ ಹಾಕಿ ಕುದಿಸುತ್ತಾರೆ, ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮೈಸೂರಿನಿಂದ ಬರುವ ನಮ್ಮ ನೆಂಟರು ಅದನ್ನು ನೋಡಿ ಲೋಟ ಮುಟ್ಟುವುದಿಲ್ಲ. ಆಲುವದ ಹತ್ತಿರ ಶೈನಿಯ ಮನೆಯಲ್ಲಿ ಕೊಟ್ಟ ನೀರು ಗುಲಾಬಿಯಾಗಿರಲಿಲ್ಲ, ಹಳದಿಯಾಗಿತ್ತು. ಅವಳ ಅಮ್ಮ ಅದೇ ಪೊಟ್ಟಣದಿಂದ ಒಂದು ಹಿಡಿ ಚಕ್ಕೆ ಕಟ್ಟಿಕೊಟ್ಟರು. ನಮ್ಮ ಮನೆಯಲ್ಲಿ ಕುದಿಸಿದರೆ ಚೆನ್ನಾದ ಗುಲಾಬಿ! "ಅವರಿಗೆ ಅಂಗಡಿಯವನು ಕಲಬೆರಕೆ ಮಾಡಿ ಕೊಟ್ಟಿರ್ತಾನೆ" ಎಂದು ಅಮ್ಮ ಷರಾ ಬರೆದರು. ಚಕ್ಕೆ ಒಂದೇ ಎಂದರೂ ಕೇಳಲಿಲ್ಲ.

ಮರುದಿನ ತರಗತಿಯಲ್ಲಿ ಹೇಳಿದೆ. ಟೀಚರ ಕಣ್ಣು ದೊಡ್ಡದಾಯಿತು. "ಬಾವಿಯಲ್ಲಿ ಕಬ್ಬಿಣ ಇರಬೇಕು" ಎಂದು ಊಹಿಸಿದರು. "ಗೊತ್ತಿಲ್ಲ, ನೋಡುವಾ" ಎಂದು ಪ್ರಯೋಗಾಲಯದ ಬೀಗದ ಕೈ ನನ್ನ ಕೈಗಿಟ್ಟರು. ಬಣ್ಣ ಎಷ್ಟು ಗಾಢ ಎಂದು ಅಳೆಯುವ ಯಂತ್ರವೊಂದಿತ್ತು. ನನ್ನ ಈಗಿನ ಸಹೋದ್ಯೋಗಿಗಳು ಅಂಥದ್ದನ್ನು ಎಂ.ಎಸ್ಸಿ. ತನಕ ಗಾಜಿನ ಆಚೆಯಿಂದ ನೋಡಿದವರು. ಮೊದಲ ವರ್ಷದ ನನಗೆ ಅದನ್ನು ಮುಟ್ಟಲು ಸರದಿಯೇ ಇರಲಿಲ್ಲ, ಏಕೆಂದರೆ ಕಾಯುವವರು ಯಾರೂ ಇರಲಿಲ್ಲ. ಕಬ್ಬಿಣ ಹಾಕಿ ನೋಡಿದೆವು. ನೀರು ಕಪ್ಪು ನೇರಳೆಯಾಯಿತು. ಟೀಚರ್ ಸೋತರು. ಪಳಂಪೊರಿ ಬಂತು.

ಸುಳಿವು ಸಿಕ್ಕಿದ್ದು ಅಮ್ಮನಿಂದ. ನೆಂಟರು ಕುಡಿಯಲಿ ಎಂದು ಆ ಗುಲಾಬಿ ನೀರಿಗೆ ಅವರು ನಿಂಬೆಹಣ್ಣು ಹಿಂಡಿ ಸಕ್ಕರೆ ಹಾಕಿದರು. ನನ್ನ ಕಣ್ಣೆದುರೇ ನೀರು ಹಳದಿಯಾಯಿತು. ಅಂದರೆ ಹುಳಿ! ಓಡಿಹೋಗಿ, ಬಾಟಲಿಯಲ್ಲಿ ತಂದಿಟ್ಟಿದ್ದ ಶೈನಿಯ ಮನೆಯ ಹಳದಿ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದೆ, ಅದು ಗುಲಾಬಿಯಾಯಿತು. ಆ ಕೆಂಪು ಕಲ್ಲಿನ ನೆಲದ ಬಾವಿ ನೀರಿನಲ್ಲಿ ಒಂದಿಷ್ಟು ಹುಳಿ. ನಮ್ಮ ನಲ್ಲಿಯ ನೀರಿಗೆ ಸುಣ್ಣ ಹಾಕಿ ಆ ಹುಳಿ ತೆಗೆದಿರುತ್ತಾರೆ. ಇದು ಲೋಕಕ್ಕೆ ಹೊಸದೇನಲ್ಲ ಎಂದು ಆಮೇಲೆ ತಿಳಿಯಿತು. ಆದರೆ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಪುಸ್ತಕದಲ್ಲಿ ಓದಿರಲಿಲ್ಲ. ಆ ಸಂಜೆಯ ಸಂತೋಷದಂಥದ್ದು ನನಗೆ ಮತ್ತೆ ಸಿಕ್ಕಿದ್ದು ಅಪರೂಪ. ಟೀಚರ್ ಮಾತ್ರ, "ಆಯ್ತು. ಮಳೆ ಬಂದ ಮೇಲೆ ಬಾವಿ ತುಂಬ್ತದಲ್ಲ, ಆಗ ಬಣ್ಣ ಎಂತಾಗ್ತದೆ?" ಎಂದರು. ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ.

ಮಳೆಗೆ ಇನ್ನೂ ಒಂದು ತಿಂಗಳಿತ್ತು. ಅಷ್ಟರಲ್ಲಿ ಬೆಂಗಳೂರಿನ ಸೀಟು ಸಿಕ್ಕಿತು. ಅಪ್ಪ ಮನೆಗೆ ಮೈಸೂರ್ ಪಾಕ್ ತಂದರು. ಇತ್ತ ನಮ್ಮ ವಿಭಾಗದಲ್ಲಿ ಬೇರೆಯೇ ಚಿಂತೆ. ಆಗಲೇ ಇಬ್ಬರು ಬಿಟ್ಟುಹೋಗಿದ್ದರು. ಇನ್ನೊಬ್ಬರು ಬಿಟ್ಟರೆ ಮುಂದಿನ ವರ್ಷದಿಂದ ಈ ಕೋರ್ಸಿಗೆ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ ಎಂದು ಆಫೀಸಿನವರು ಹೇಳಿಬಿಟ್ಟಿದ್ದರು. ಎಲ್ಲರಿಗೂ ಗೊತ್ತಿತ್ತು. ಟಿ.ಸಿ. ಬೇಕೆಂದು ಹೋಗಿ ನೆಲ ನೋಡುತ್ತ ಕೇಳಿದೆ. ಟೀಚರ್ "ಹೂಂ. ನಾಡಿದ್ದು ಅಪ್ಪನನ್ನು ಕರ್ಕೊಂಡು ಬಾ, ಒಂದೇ ದಿನಕ್ಕೆ ಕೆಲಸ ಮುಗಿಸುವಾ" ಎಂದರು. ಇರು ಎಂದು ಒಂದು ಮಾತು ಹೇಳಬಾರದೇ ಎಂದು ನನಗೆ ಅಳು ಬಂತು.

ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಟೀಚರ್ ಪ್ರಯೋಗಾಲಯದಲ್ಲಿ ಶೈನಿಯ ಜೊತೆ ಗಾಜಿನ ಕೊಳವೆಗಳನ್ನು ತೊಳೆಯುತ್ತಿದ್ದರು. ಕೈ ಒರೆಸಿಕೊಂಡು ಅಪ್ಪನಿಗೆ ಎತ್ತರದ ಸ್ಟೂಲು ಕೊಟ್ಟರು.

"ಬೆಂಗಳೂರಲ್ಲಿ ದೊಡ್ಡ ಕಾಲೇಜು ಮೇಡಂ. ಅಲ್ಲಿ ಎಲ್ಲಾ ಸೌಕರ್ಯ ಇದೆ" ಎಂದರು ಅಪ್ಪ, ಸ್ವಲ್ಪ ಸಂಕೋಚದಿಂದ.

"ಒಳ್ಳೆ ಕಾಲೇಜು ಅದು. ನನ್ನ ಅಕ್ಕನ ಮಗಳು ಅಲ್ಲಿಯೇ ಓದಿದ್ದು. ಲೈಬ್ರರಿ ಭಾರೀ ಚೆಂದ ಉಂಟು." ಕೋರ್ಸಿನ ವಿಷಯ ಈಗ ಎತ್ತುತ್ತಾರೆ, ಈಗ ಎತ್ತುತ್ತಾರೆ ಎಂದು ನಾನು ಕಾದೆ. ಎತ್ತಲಿಲ್ಲ. ನನ್ನ ಕಡೆ ತಿರುಗಿ, "ಮೈಸೂರು, ನಿನ್ನ ಮಳೆಯ ಚೋದ್ಯ ಬಾಕಿ ಉಂಟಲ್ಲ. ಬಿಟ್ಟು ಹೋಗಬಾರ್ದು. ಯಾರಿಗೆ ಕೊಡ್ತಿ?" ಎಂದರು.

ಅದು ಆ ಪ್ರಯೋಗಾಲಯದ ಕಟ್ಟುಪಾಡು. ಹೊರಡುವವರು ಮುಗಿಯದ ಚೋದ್ಯವನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೋಗಬೇಕು. ಮೂರನೆಯ ವರ್ಷದವರು, ಚಳಿಗೆ ತೆಂಗಿನೆಣ್ಣೆ ಗಟ್ಟಿಯಾಗುವಾಗ ಬಾಟಲಿಯ ತಳದಿಂದ ಶುರುವಾಗುತ್ತದೋ ಅಂಚಿನಿಂದಲೋ ಎಂಬುದನ್ನು ಎರಡನೆಯ ವರ್ಷದವರಿಗೆ ಒಪ್ಪಿಸಿದ್ದನ್ನು ನಾನೇ ನೋಡಿದ್ದೆ. "ಶೈನಿಗೆ" ಎಂದೆ. ಶೈನಿ ಮುಖ ಸಣ್ಣದು ಮಾಡಿಕೊಂಡು ಎದುರು ಬಂದು ನಿಂತಳು.

ನಾನು ಹೇಳತೊಡಗಿದೆ. ನೀರನ್ನು ಬೆಳಗ್ಗೆಯೇ ಸೇದಬೇಕು, ಮೊದಲ ಮಳೆ ಬಿದ್ದ ದಿನ ಮತ್ತು ಬಾವಿ ತುಂಬಿದ ಮೇಲೆ ಎರಡೂ ಸಲ. ಚಕ್ಕೆ ಅಷ್ಟೇ ತೂಕ ಇರಬೇಕು. ನಿಮ್ಮ ಬಾವಿ ಒಂದೇ ಸಾಲದು, ಹೊಳೆಯ ಪಕ್ಕದ ಬಾವಿಯೂ ಬೇಕು. ಮಳೆನೀರು ಹುಳಿಯನ್ನು ತೆಳುವಾಗಿಸಬಹುದು, ಇಲ್ಲವೇ ನೆಲದಿಂದ ಇನ್ನಷ್ಟು ಹುಳಿ ತರಬಹುದು; ನನಗನಿಸುವುದು ಎರಡನೆಯದು, ಟೀಚರ್‌ಗೆ ಅನಿಸುವುದು ಮೊದಲನೆಯದು, ಪೋಡಿ ಬಿಡಬೇಡ. ಹೇಳುತ್ತ ಹೇಳುತ್ತ ಅರ್ಧಕ್ಕೆ ನಿಂತೆ.

"ನಾನು ಕೊಡಲ್ಲ" ಎಂದೆ, ಕನ್ನಡದಲ್ಲಿ. ಅದು ಅಪ್ಪನಿಗೆ ಹೇಳಿದ್ದು.

ಅಪ್ಪ ಸ್ಟೂಲಿನ ಮೇಲೆ ಅಲುಗಾಡಿದರು. ನಾನು ಮನೆಯಲ್ಲಿ ಇಷ್ಟು ಮಾತಾಡಿದವಳಲ್ಲ. ಇಲ್ಲ ಎಂದದ್ದಂತೂ ನೆನಪಿಲ್ಲ. ಕೊನೆಗೆ ಅವರು, "ನೀವೇನು ಹೇಳ್ತೀರಿ ಮೇಡಂ?" ಎಂದು ಕೇಳಿದರು.

"ನನ್ನ ಹತ್ರ ಕೇಳಬೇಡಿ. ಇವಳು ಇಲ್ಲಿ ಇರಬೇಕು ಅಂತ ನನಗೆ ಆಸೆ ಉಂಟು. ಆಸೆ ಇದ್ದವರ ಹತ್ರ ಬುದ್ಧಿ ಕೇಳಬಾರ್ದು."

"ಆದ್ರೂ ಹೇಳಿ. ಅಲ್ಲಿಲ್ಲದ್ದು ಇಲ್ಲೇನಿದೆ?"

ಟೀಚರ್ ತೊಳೆದ ಕೊಳವೆಯೊಂದನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರು. "ದೊಡ್ಡದು ಎಂತದೂ ಇಲ್ಲ. ಇವಳು ಒಂದು ದಿನ ಬಾರದಿದ್ರೆ ಇಲ್ಲಿ ಗೊತ್ತಾಗ್ತದೆ. ಅಷ್ಟೇ."

ಟಿ.ಸಿ.ಗೆ ಟೀಚರ್ ಮೊದಲೇ ಆಫೀಸಿನಿಂದ ಸಹಿ ಹಾಕಿಸಿಟ್ಟಿದ್ದರು. ಅಪ್ಪ ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು, ಕೈಮುಗಿದು ಎದ್ದರು. ಟೀಚರ್ ನನ್ನ ಬೆನ್ನ ಮೇಲೆ ಒಂದು ಸಲ ಕೈಯಿಟ್ಟರು. ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಕೂತರು. ನಾನು ಅಳುತ್ತಿದ್ದದ್ದನ್ನು ನೋಡಿಯೂ ನೋಡದವರ ಹಾಗೆ ಇದ್ದರು. ಆಲುವದಲ್ಲಿ ಇಳಿದು ಏಲೂರಿನ ಬಸ್ಸಿಗೆ ಕಾಯುವಾಗ, ರಸ್ತೆಯ ಕಡೆಗೇ ನೋಡುತ್ತ ಕೇಳಿದರು:

"ಅಲ್ಲಮ್ಮ, ಮಳೆ ಬಂದ್ಮೇಲೆ ಆ ನೀರು ಹಳದಿನೇ ಇರುತ್ತಾ, ಬದಲಾಗುತ್ತಾ?"

"ಗೊತ್ತಿಲ್ಲ ಅಪ್ಪ. ನೋಡ್ಬೇಕು."

ಬಸ್ಸು ಬಂತು. ಅಪ್ಪ ಹತ್ತಲಿಲ್ಲ. ಜೇಬು ಮುಟ್ಟಿ ನೋಡಿಕೊಂಡರು.

"ಬೆಂಗಳೂರಲ್ಲಿ ಕೂತ್ಕೊಂಡು ಆಲುವದ ಬಾವಿ ಹೆಂಗೆ ನೋಡ್ತೀಯ? ಬಾ, ನಿಮ್ ಟೀಚರ್ ಹೊರಡೋದ್ರೊಳಗೆ ಇದನ್ನ ವಾಪಸ್ ಕೊಟ್ ಬರೋಣ."